ಹಿರಿಯರ ಭಾವಚಿತ್ರಗಳೂ ಕೃತಕ ಬುದ್ಧಿಮತ್ತೆಯ ಕೈವಾಡವೂ

(ಪಾಲಬಾವಿಯ ಭಕ್ತಮಂಡಲಿಯ ಮುಂದೆ ಮಾಡಿದ ಉಪನ್ಯಾಸ)



ಮಠದ ಮಹೋತ್ಸವವು ಸಮೀಪಿಸಿ ಅದರ ಸ್ಮಾರಕ ಸಂಪುಟದ ಕಾರ್ಯಕ್ಕೆ ಕೈಹಚ್ಚಿದ ಕೂಡಲೆ ಎಲ್ಲಕ್ಕಿಂತ ಮೊದಲು ನಡೆಯುವುದು ಹಳೆಯ ಭಾವಚಿತ್ರಗಳ ಶೋಧವು. ಭಕ್ತರ ಮನೆಗಳ ಪಡಸಾಲೆಯ ಗೋಡೆಗಳಿಂದಲೂ ದೇವರ ಜಗಲಿಯಿಂದಲೂ ತಗಡಿನ ಟ್ರಂಕುಗಳ ತಳದಿಂದಲೂ ಅವು ಒಂದೊಂದಾಗಿ ಹೊರಬೀಳುತ್ತವೆ. ಒಂದಕ್ಕೆ ಗೆದ್ದಲು ಹತ್ತಿರುತ್ತದೆ. ಇನ್ನೊಂದು ಗಾಜಿಗೆ ಅಂಟಿಕೊಂಡು ಬಿಡಿಸಲು ಬಾರದಂತಾಗಿರುತ್ತದೆ. ಮತ್ತೊಂದರಲ್ಲಿ ಮಳೆಗಾಲದ ತೇವವಿಳಿದು ಅರ್ಧ ಮುಖವೇ ಕಂದುಬಣ್ಣದ ಕಲೆಯೊಳಗೆ ಮುಳುಗಿರುತ್ತದೆ. ಹಿಂದೆ ಇಂಥ ಚಿತ್ರವನ್ನು ರಾಯಬಾಗಕ್ಕೋ ಚಿಕ್ಕೋಡಿಗೋ ಒಯ್ದು ಸ್ಟುಡಿಯೋದವರ ಕೈಗೆ ಕೊಟ್ಟರೆ ಅವರು ಎಂಟು ಹತ್ತು ದಿನ ಇಟ್ಟುಕೊಂಡು, ಕುಂಚದಿಂದ ಬಿರುಕುಗಳನ್ನು ಮುಚ್ಚಿ, ದೊಡ್ಡದು ಮಾಡಿ, ಚೌಕಟ್ಟು ಹಾಕಿ ಕೊಡುತ್ತಿದ್ದರು. ಈಗ ಪಾಲಬಾವಿಯ ಯಾವ ತರುಣನಾದರೂ ಮನೆಯ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಅದರ ಪ್ರತಿ ತೆಗೆದು, ಎ.ಐ. ಎಂದು ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಗೆ ಒಪ್ಪಿಸಿದರೆ, ಕೈಯಲ್ಲಿದ್ದ ಚಹಾ ಆರುವುದರೊಳಗಾಗಿ ಬಿರುಕು ಮಾಯವಾಗಿ, ಬಣ್ಣ ಬಂದು, ಕಣ್ಣು ಮಿನುಗುವ ಹೊಸ ಚಿತ್ರವು ಸಿದ್ಧವಾಗುತ್ತದೆ. ಮನೆಯವರೆಲ್ಲರೂ ಸಂತೋಷಪಡುತ್ತಾರೆ. ಆದರೆ ಚಿತ್ರದಲ್ಲಿದ್ದವರನ್ನು ಕಣ್ಣಾರೆ ಕಂಡ ಎಂಬತ್ತು ವರುಷದ ಆಯಿಯೊಬ್ಬಳು ಆ ಮನೆಯಲ್ಲಿದ್ದರೆ, ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, “ಇವರ್ಯಾರು?” ಎಂದು ಕೇಳಿಯಾಳು. ಆಯಿಯ ಆ ಪ್ರಶ್ನೆಯೇ ಈ ಉಪನ್ಯಾಸದ ವಿಷಯವಾಗಿರುತ್ತದೆ.

ಆ ಪ್ರಶ್ನೆ ಹುಟ್ಟಲು ಕಾರಣವೇನೆಂಬುದನ್ನು ತಿಳಿಯಬೇಕಾದರೆ ಯಂತ್ರವು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಅರಿಯಬೇಕು. ಕಲೆಯ ಕೆಳಗೆ ಅಡಗಿದ ಮುಖವನ್ನು ಅದು ತೊಳೆದು ತೆಗೆಯುತ್ತದೆಂದು ಹಲವರು ನಂಬಿರುತ್ತಾರೆ. ವಸ್ತುಸ್ಥಿತಿಯು ಹಾಗಿಲ್ಲ. ಕೋಟ್ಯವಧಿ ಚಿತ್ರಗಳನ್ನು ಅದಕ್ಕೆ ಮೊದಲೇ ತೋರಿಸಿ ಪಳಗಿಸಲಾಗಿರುತ್ತದೆ. ಮೂಗಿನ ಪಕ್ಕದಲ್ಲಿ ಸಾಮಾನ್ಯವಾಗಿ ಕೆನ್ನೆಯು ಹೇಗಿರುತ್ತದೆ, ಹುಬ್ಬಿನ ಕೆಳಗೆ ಕಣ್ಣು ಎಂಥದಿರುತ್ತದೆ ಎಂಬ ಲೆಕ್ಕವು ಅದರಲ್ಲಿ ಕೂತಿರುತ್ತದೆ. ಕಾಗದದ ಮೇಲೆ ಅಳಿದುಹೋದ ಭಾಗವು ಅಳಿದೇ ಹೋಗಿರುತ್ತದೆ. ಅದರ ಸ್ಥಳದಲ್ಲಿ ಯಂತ್ರವು ಲೆಕ್ಕಕ್ಕೆ ಹೊಂದುವ ಬೇರೊಂದು ಕಣ್ಣನ್ನು, ಬೇರೊಂದು ಕೆನ್ನೆಯನ್ನು ಹೊಸದಾಗಿ ರಚಿಸಿ ಕೂಡಿಸುತ್ತದೆ. 2020ನೆಯ ಇಸವಿಯಲ್ಲಿ ಅಮೇರಿಕೆಯ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಮಸುಕಾದ ಮುಖಗಳನ್ನು ಸ್ಪಷ್ಟಗೊಳಿಸುವ ಪಲ್ಸ್ ಎಂಬ ಸಾಧನವನ್ನು ಪ್ರಕಟಪಡಿಸಿದರು. ಯಾರೋ ಅದಕ್ಕೆ ಅಮೇರಿಕೆಯ ಮಾಜಿ ಅಧ್ಯಕ್ಷರಾದ ಬರಾಕ್ ಒಬಾಮಾ ಇವರ ಮಸುಕು ಚಿತ್ರವನ್ನು ಕೊಡಲಾಗಿ, ಹೊರಗೆ ಬಂದದ್ದು ಒಬ್ಬ ಬಿಳಿಯ ಮನುಷ್ಯನ ಮುಖ! ಜಗತ್ತೇ ಗುರುತಿಸುವ ಮುಖದ ಗತಿ ಇದಾದರೆ, ಕೃಷ್ಣಾತೀರದ ಹಳ್ಳಿಯೊಂದರಲ್ಲಿ ಬಾಳಿ ಹೋದ, ಒಂದೇ ಒಂದು ಚಿತ್ರವನ್ನು ಬಿಟ್ಟುಹೋದ ಹಿರಿಯರ ಮುಖದ ಗತಿ ಏನಾದೀತು? ತಪ್ಪಾಯಿತೆಂದು ಹೇಳುವವರು ಯಾರು?

ವಚನವಾಙ್ಮಯದ ಚರಿತ್ರೆಯನ್ನು ಬಲ್ಲ ಭಕ್ತರಿಗೆ ಈ ಸಂಕಟವು ಹೊಸದಾಗಿ ತೋರಲಾರದು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡಿದ್ದು, ಮನೆಮನೆಗಳಲ್ಲಿಯೂ ಮಠಗಳಲ್ಲಿಯೂ ಮೂಲೆಗುಂಪಾಗಿದ್ದ ತಾಳೆಯೋಲೆಯ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಮುಂದೆ ಹಿತಚಿಂತಕ ಮುದ್ರಣಾಲಯದ ಸಲುವಾಗಿ ಮನೆಯನ್ನೇ ಮಾರಿದರು. ಓಲೆಗಳಿಗೆ ಹುಳು ಹತ್ತಿರುತ್ತದೆ, ಅಂಚುಗಳು ಮುರಿದಿರುತ್ತವೆ, ನಡುವೆ ಅಕ್ಷರಗಳು ಹಾರಿರುತ್ತವೆ. ಅಂಥಲ್ಲಿ ಹಳೆಯ ಗ್ರಂಥಗಳ ಪ್ರಾಮಾಣಿಕ ಸಂಪಾದಕನು ಮಾಡುವುದೇನು? ಓಲೆ ತ್ರುಟಿತವಾದ ಕಡೆಯಲ್ಲಿ ಚುಕ್ಕೆಗಳನ್ನಿಡುತ್ತಾನೆ. ಇಂಥ ಅಕ್ಷರವಿದ್ದೀತೆಂದು ಬಲವಾಗಿ ತೋರಿದರೆ ಅದನ್ನು ಕಂಸದೊಳಗೆ ಹಾಕಿ, ಇದು ಊಹೆಯೆಂದು ಓದುಗರಿಗೆ ತಿಳಿಯುವಂತೆ ಮಾಡುತ್ತಾನೆ. ಬೇರೆ ಪ್ರತಿಯಲ್ಲಿ ಬೇರೆ ಪಾಠವಿದ್ದರೆ ಅದನ್ನು ಅಡಿಯಲ್ಲಿ ಕಾಣಿಸುತ್ತಾನೆ. ಆತನಿಗೆ ಪದ್ಯ ಕಟ್ಟಲು ಬಾರದೆಂದೇನೂ ಅಲ್ಲ. ಹುಳು ತಿಂದ ಸಾಲನ್ನು ಓದುಗರಿಗೆ ಗೊತ್ತಾಗದಷ್ಟು ಸೊಗಸಾಗಿ ತುಂಬಬಲ್ಲ ಪಂಡಿತನೇ ಆತನಿರುತ್ತಾನೆ. ತುಂಬಿದರೆ ಅದು ಪ್ರಕ್ಷೇಪವಾಗುತ್ತದೆ, ಶರಣರ ಹೆಸರಿನಲ್ಲಿ ತನ್ನ ಮಾತನ್ನು ಸೇರಿಸಿದಂತಾಗುತ್ತದೆ ಎಂದು ಆತನು ಕೈಯನ್ನು ಬಿಗಿಹಿಡಿಯುತ್ತಾನೆ. ಇಂದಿನ ಯಂತ್ರವಾದರೋ ಚುಕ್ಕೆಯಿಡುವ ಪದ್ಧತಿಯನ್ನು ತಾನಾಗಿ ಪಾಲಿಸುವುದಿಲ್ಲ. ಎಷ್ಟು ಹುಳು ತಿಂದಿದ್ದರೂ ಅಷ್ಟನ್ನೂ ತುಂಬಿ, ಕಾಗದದಲ್ಲಿದ್ದುದೆಷ್ಟು, ತಾನು ಸೇರಿಸಿದ್ದೆಷ್ಟು ಎಂಬುದರ ಎಲ್ಲೆಯನ್ನು ಸಹ ಅಳಿಸಿ ಕೊಡುತ್ತದೆ.

ಅಂಕಿತದ ಒಂದು ಶಬ್ದವು ಬದಲಾದುದಕ್ಕೆ ಈ ಸಮಾಜವು ಎಷ್ಟು ಕಳವಳಗೊಂಡಿತೆಂಬುದು ಎಲ್ಲರಿಗೂ ನೆನಪಿರುತ್ತದೆ. ‘ವಚನದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತದ ಬದಲು ಲಿಂಗದೇವ ಎಂದು ಹಾಕಿದ್ದರಿಂದ ವಿವಾದವೆದ್ದು, 1998ರಲ್ಲಿ ಸರಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿ, 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಆ ವಿವಾದದ ಗುಣದೋಷಗಳು ಇಲ್ಲಿಯ ವಿಚಾರವಲ್ಲ. ಬರಹದ ಒಂದು ಶಬ್ದಕ್ಕೆ ಇಷ್ಟು ಎಚ್ಚರವನ್ನು ತೋರಿಸಿದವರು ಮುಖದ ವಿಷಯದಲ್ಲಿ ಮಾತ್ರ ಏಕೆ ಉದಾಸೀನರಾಗಿರಬೇಕು? ವಿಚಾರಮಾಡತಕ್ಕ ಸಂಗತಿ ಇಷ್ಟೇ.

ಮಠದ ಚಿತ್ರಗಳಿಗೆ ಈ ಯಂತ್ರದಿಂದ ಒದಗುವ ವಿಶೇಷ ಅಪಾಯವೊಂದುಂಟು. ಹಣೆಯ ಮೇಲಿನ ವಿಭೂತಿಯ ಮೂರು ಬಿಳಿ ಗೆರೆಗಳನ್ನೂ ಕಾಗದದ ಮೇಲಿನ ಬಿಳಿಯ ಗೀರುಗಳನ್ನೂ ಬೇರೆ ಬೇರೆಯಾಗಿ ತಿಳಿಯಬೇಕಾದರೆ ವಿಭೂತಿಯೆಂದರೇನೆಂಬ ಅರಿವು ಬೇಕು. ಅಂಥ ಚಿತ್ರಗಳನ್ನು ಹೆಚ್ಚಾಗಿ ಕಾಣದ ಯಂತ್ರವು ಗೀರುಗಳೊಡನೆ ವಿಭೂತಿಯನ್ನೂ ಒರೆಸಿಬಿಡಬಹುದು. ಎದೆಯ ಮೇಲಿನ ಕರಡಿಗೆಯನ್ನು ಅದು ತಾಯತವನ್ನಾಗಿಯೋ ಪದಕವನ್ನಾಗಿಯೋ ಮಾಡಿಟ್ಟರೆ ಆಶ್ಚರ್ಯವಿಲ್ಲ. ಕೈಯಲ್ಲಿಯ ಬೆತ್ತ, ತಲೆಯ ರುಮಾಲಿನ ಸುತ್ತು, ಹೊದ್ದ ಕಂಬಳಿಯ ಅಂಚು ಇವೆಲ್ಲವುಗಳಿಂದ ಒಂದು ಕಾಲದ, ಒಂದು ಸೀಮೆಯ ಗುರುತು ಸಿಕ್ಕುತ್ತದೆ. ಬಲ್ಲವರು ರುಮಾಲು ಸುತ್ತಿದ ರೀತಿಯಿಂದಲೇ ಊರಿನ ಕಡೆಯನ್ನು ಹೇಳುತ್ತಾರೆ. ಬಣ್ಣದ ಮಾತಂತೂ ಹೇಳತೀರದು. ಬಿಳಿ-ಕಪ್ಪು ಚಿತ್ರದಲ್ಲಿ ಶಲ್ಯವು ಕಾವಿಯದೋ ಬಿಳಿಯದೋ ಹಸುರೋ ಎಂಬುದನ್ನು ಯಂತ್ರವು ಅರಿಯದು. ಒಂದನ್ನು ಆರಿಸಿ ಬಳಿಯುತ್ತದೆ. ಮೈಬಣ್ಣವನ್ನೂ ಹಾಗೆಯೇ ಆರಿಸುತ್ತದೆ, ಮತ್ತು ಅದರ ಆಯ್ಕೆಯು ಬೆಳ್ಳಗಿನ ಕಡೆಗೇ ವಾಲುವುದನ್ನು ಹಲವರು ಕಂಡಿದ್ದಾರೆ. ಬಿಸಿಲಿನಲ್ಲಿ ಮಡಕೆ ಹೊಡೆದು ಕಪ್ಪಾದ, ಅರವತ್ತು ವರುಷಗಳ ಕಾಯಕದಿಂದ ಸುಕ್ಕುಗಟ್ಟಿದ ಮುಖವನ್ನು ನುಣುಪಾಗಿ ಬೆಳ್ಳಗೆ ಮಾಡಿದಾಗ, ಆ ಮನುಷ್ಯನು ಬಾಳಿನಲ್ಲಿ ಮಾಡಿದ್ದರ ಸಾಕ್ಷಿಯೇ ಹೋದಂತಾಯಿತಲ್ಲವೇ?

ಛಾಯಾಚಿತ್ರಗಳನ್ನು ತಿದ್ದುವುದು ಎ.ಐ.ಗಿಂತ ಬಹಳ ಮೊದಲೇ ಇತ್ತೆಂದು ಇದಕ್ಕೆ ಆಕ್ಷೇಪಿಸುವವರುಂಟು. ಅಹುದು, ಇತ್ತು. ಗಾಜಿನ ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಸುಕ್ಕು ತೆಗೆಯುವುದೂ, ಚಿತ್ರಕ್ಕೆ ಕೈಯಿಂದ ಬಣ್ಣ ಹಚ್ಚುವುದೂ ಸ್ಟುಡಿಯೋಗಳ ನಿತ್ಯದ ಕೆಲಸವೇ ಆಗಿತ್ತು. ಗುಲಾಮಗಿರಿಯನ್ನು ಕೊನೆಗಾಣಿಸಿದ ಅಬ್ರಾಹಂ ಲಿಂಕನ್ನರ ಗಂಭೀರವಾದ ಮುದ್ರಿತ ಚಿತ್ರವೊಂದರಲ್ಲಿ ತಲೆಯು ಮಾತ್ರ ಲಿಂಕನ್ನರದು; ದೇಹವು ಗುಲಾಮಗಿರಿಯ ಪಕ್ಷಪಾತಿಯಾಗಿದ್ದ ಕಾಲ್ಹೂನರದು. ಇದಕ್ಕಿಂತ ಹೆಚ್ಚಿನ ವಿಡಂಬನೆಯನ್ನು ಕವಿಗಳು ಸಹ ಕಲ್ಪಿಸಲಾರರು. ಅದೇ ದೇಶದಲ್ಲಿ ವಿಲಿಯಂ ಮಮ್ಲರ್ ಎಂಬವನು 1860ರ ದಶಕದಲ್ಲಿ, ಗತಿಸಿದವರ ಆತ್ಮಗಳು ಬದುಕಿದವರ ಹಿಂದೆ ಬಂದು ನಿಂತಂತೆ ಫೋಟೋ ತೆಗೆದುಕೊಟ್ಟು ಹಣ ಗಳಿಸಿದನು. 1869ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೇಲೆ ವಂಚನೆಯ ಖಟ್ಲೆ ನಡೆದು, ಅವನು ಬಿಡುಗಡೆ ಹೊಂದಿದನು. ಮುಂದೆ ಲಿಂಕನ್ನರ ವಿಧವಾ ಪತ್ನಿಯೂ ಅವನಲ್ಲಿಗೆ ಹೋಗಿ, ತನ್ನ ಹೆಗಲ ಮೇಲೆ ಗಂಡನು ಕೈಯಿಟ್ಟಂತಿರುವ ಚಿತ್ರವನ್ನು ಪಡೆದಳು. ದುಃಖವಿದ್ದಲ್ಲಿ ಇಂಥ ಚಿತ್ರಕ್ಕೆ ಗಿರಾಕಿ ಇದ್ದೇ ಇರುತ್ತದೆ. ಆದುದರಿಂದ ಹಳೆಯ ಕಾಲವೆಲ್ಲ ಸತ್ಯಯುಗವೆಂದು ತಿಳಿಯಬೇಕಾಗಿಲ್ಲ. ಭೇದವಿರುವುದು ಬೇರೆಡೆಯಲ್ಲಿ. ಸ್ಟುಡಿಯೋದವನು ಯಾವ ಸುಕ್ಕನ್ನು ತೆಗೆದನೆಂಬುದು ಅವನಿಗೆ ಗೊತ್ತಿರುತ್ತಿತ್ತು, ಕೇಳಿದರೆ ಹೇಳಬಲ್ಲವನಾಗಿದ್ದನು, ಮೂಲ ನೆಗೆಟಿವ್ ಅವನ ಪೆಟ್ಟಿಗೆಯಲ್ಲಿರುತ್ತಿತ್ತು. ಈಗಿನ ಕೆಲಸದಲ್ಲಿ ಮಾಡಿಸಿದವನಿಗೂ ಏನಾಯಿತೆಂಬುದು ತಿಳಿದಿರುವುದಿಲ್ಲ. “ಸ್ಪಷ್ಟಮಾಡು” ಎಂದು ಕೇಳಿದವನಿಗೆ ಮುಖವೇ ಬೇರೆಯಾಗಿ ಬಂದಿರುತ್ತದೆ.

ಇನ್ನು ನಗುವಿನ ಮಾತು. ಕಂಬೋಡಿಯಾ ದೇಶದಲ್ಲಿ 1975ರಿಂದ 1979ರ ವರೆಗೆ ನಡೆದ ಘೋರ ಆಳಿಕೆಯಲ್ಲಿ ತುವೋಲ್ ಸ್ಲೆಂಗ್ ಎಂಬ ಸೆರೆಮನೆಯೊಳಗೆ ಸಾವಿರಾರು ಜನರನ್ನು ಹಿಂಸಿಸಿ ಕೊಲ್ಲಲಾಯಿತು. ಅವರನ್ನು ಒಳಗೆ ತಂದಾಗ ತೆಗೆದ ಫೋಟೋಗಳು ಉಳಿದಿವೆ. 2021ರ ಏಪ್ರಿಲಿನಲ್ಲಿ ಪಾಶ್ಚಾತ್ಯ ಕಲಾವಿದನೊಬ್ಬನು ಗಣಕಯಂತ್ರದಿಂದ ಅವುಗಳಿಗೆ ಬಣ್ಣ ತುಂಬಿ ಪ್ರಕಟಿಸಿದಾಗ, ಕೆಲವು ಮುಖಗಳ ಮೇಲೆ ಮೂಲದಲ್ಲಿಲ್ಲದ ನಗುವು ಕಂಡುಬಂದಿತು. ಮರಣದ ಬಾಗಿಲಲ್ಲಿ ನಿಂತವರನ್ನು ನಗಿಸಿದ ಈ ಕೃತ್ಯಕ್ಕೆ ಆ ದೇಶದ ಸರಕಾರವೂ ಗತಿಸಿದವರ ಬಂಧುಗಳೂ ಪ್ರತಿಭಟಿಸಲು, ಪ್ರಕಟಿಸಿದವರು ಆ ಚಿತ್ರಗಳನ್ನು ಹಿಂದೆಗೆದುಕೊಂಡರು. ಭಾರತದಲ್ಲಿ 2023ರ ಮೇ 28ರಂದು ದಿಲ್ಲಿಯಲ್ಲಿ ಪ್ರತಿಭಟನೆ ಮಾಡುತ್ತಿದ್ದ ಕುಸ್ತಿಪಟುಗಳನ್ನು ಪೋಲೀಸರು ಹಿಡಿದೊಯ್ದಾಗ, ವಾಹನದೊಳಗೆ ವಿನೇಶ್ ಮತ್ತು ಸಂಗೀತಾ ಫೋಗಟ್ ಇವರು ಕುಳಿತ ಚಿತ್ರವೊಂದು ಹೊರಬಂದಿತು. ಮೂಲದಲ್ಲಿ ಅವರ ಮುಖಗಳು ಬಿಗಿದಿದ್ದವು. ಕೆಲವು ಗಂಟೆಗಳಲ್ಲಿ ಅದೇ ಚಿತ್ರವು ಇಬ್ಬರೂ ಹಲ್ಲು ಬಿಟ್ಟು ನಗುವಂತೆ ತಿದ್ದಲ್ಪಟ್ಟು, ಇವರ ದುಃಖವೆಲ್ಲ ನಾಟಕವೆಂಬ ಮಾತಿನೊಡನೆ ಊರೂರು ಸುತ್ತಿತು. ತುಟಿಯ ಎರಡು ತುದಿಗಳನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿದ್ದರಿಂದ ನೊಂದವರು ಸುಳ್ಳುಗಾರರಾದರು! ಹಳೆಯ ಗುಂಪುಚಿತ್ರಗಳಲ್ಲಿ ಹಿರಿಯರು ಬಿಗಿಮುಖದಿಂದ ಕುಳಿತಿರುವುದನ್ನು ಕಂಡು, ಸ್ವಲ್ಪ ನಗಿಸಿದರೆ ಚೆನ್ನೆಂದು ತರುಣರಿಗೆ ತೋರುವುದು ಸಹಜ. ಆದರೆ ಬರಗಾಲದ ವರುಷವೋ, ಮನೆಯಲ್ಲಿ ಸಾವಾದ ತಿಂಗಳೋ, ಕ್ಯಾಮೆರಾದ ಭೀತಿಯೋ, ಆ ಬಿಗುವಿಗೆ ಕಾರಣವೇನಿತ್ತೆಂದು ಯಾರು ಬಲ್ಲರು?

ಬದುಕಿದ್ದವರ, ಅದರಲ್ಲಿಯೂ ಹೆಣ್ಣುಮಕ್ಕಳ ಚಿತ್ರಗಳ ವಿಷಯವು ಇನ್ನೂ ಕಠಿಣವಾದುದು. ಕೊಡಗಿನ ವಿರಾಜಪೇಟೆಯವರಾದ ನಟಿ ರಶ್ಮಿಕಾ ಮಂದಣ್ಣನವರ ಮುಖವನ್ನು ಬೇರೊಬ್ಬ ಸ್ತ್ರೀಯ ಚಲಚ್ಚಿತ್ರಕ್ಕೆ ಅಂಟಿಸಿದ ಪ್ರಕರಣವು 2023ರ ನವೆಂಬರಿನಲ್ಲಿ ದೇಶವನ್ನೆಲ್ಲ ಎಚ್ಚರಿಸಿತು. 2024ರ ಜನವರಿಯಲ್ಲಿ ದಿಲ್ಲಿಯ ಪೋಲೀಸರು ಅದನ್ನು ಮಾಡಿದವನನ್ನು ಹಿಡಿದರು. ಅವರಿಗೆ ಹೆಸರಿತ್ತು, ಕೂಗಿದರೆ ಕೇಳುವವರಿದ್ದರು. ಶಾಲೆಗೆ ಹೋಗುವ ಹಳ್ಳಿಯ ಹುಡುಗಿಯ ಫೋಟೋವನ್ನು ಯಾವನೋ ವಿಕಾರಗೊಳಿಸಿ ಹರಡಿದರೆ, ಆಕೆಯ ಶಾಲೆಯೇ ನಿಂತುಹೋಗುತ್ತದೆ. ದೂರು ಕೊಡಲು ತಂದೆತಾಯಿಗಳು ಅಂಜುತ್ತಾರೆ. ತಪ್ಪು ಆಕೆಯದೇ ಎಂಬಂತೆ ಮೊಬೈಲನ್ನು ಕಸಿದುಕೊಂಡು ಮದುವೆಯ ಮಾತೆತ್ತುತ್ತಾರೆ. ಇದು ಅನ್ಯಾಯದ ಮೇಲೆ ಅನ್ಯಾಯವು. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದಲ್ಲಿ ಅಶ್ಲೀಲ ಚಿತ್ರಗಳನ್ನು ಹರಡುವುದಕ್ಕೂ, ಪರರ ವೇಷದಿಂದ ವಂಚಿಸುವುದಕ್ಕೂ ಶಿಕ್ಷೆಯುಂಟು. ಯಂತ್ರದಿಂದ ರಚಿಸಿದ ಚಿತ್ರಗಳ ಮೇಲೆ ಕಾಣುವಂಥ ಗುರುತು ಇರಬೇಕೆಂದು ಕೇಂದ್ರ ಸರಕಾರವು 2025ರ ಅಕ್ಟೋಬರಿನಲ್ಲಿ ಕರಡು ನಿಯಮಗಳನ್ನು ಮುಂದಿಟ್ಟಿತು. ಆದರೆ ಕಾಯಿದೆಯ ಕೈ ಮುಟ್ಟುವ ಮೊದಲೇ ಮಾನವು ಹೋಗಿರುತ್ತದೆ. ಇದಕ್ಕಿಂತ ಸೌಮ್ಯವಾದ, ಆದುದರಿಂದಲೇ ಯಾರೂ ತಪ್ಪೆಂದು ಎಣಿಸದ ಪದ್ಧತಿಯೊಂದು ಕನ್ಯೆಯ ಫೋಟೋದಲ್ಲಿ ನಡೆದಿದೆ. ಗಂಡಿನ ಮನೆಗೆ ಕಳಿಸುವ ಚಿತ್ರದಲ್ಲಿ ಮೈಬಣ್ಣವನ್ನು ಎರಡು ಪಟ್ಟು ತಿಳಿ ಮಾಡಿ, ಮೂಗನ್ನು ನೆಟ್ಟಗೆ ಮಾಡಿ ಕಳಿಸುತ್ತಾರೆ. ನೋಡಲು ಬಂದವರು ಹುಡುಗಿಯನ್ನು ಕಂಡು ಮುಖಮುಖ ನೋಡಿಕೊಂಡರೆ, ಆ ಹೊತ್ತಿನ ಅಪಮಾನವನ್ನು ಉಣ್ಣುವವಳು ಹುಡುಗಿಯೇ ಹೊರತು ಚಿತ್ರವನ್ನು ತಿದ್ದಿದ ಅಣ್ಣನಲ್ಲ.

ಹಾಗಾದರೆ ಕಾಣದ ಮುಖವನ್ನು ಚಿತ್ರಿಸುವುದೇ ದೋಷವೇ? ಹಾಗೆನ್ನಲಾಗದು. ಇದೇ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ನೆಯ ಇಸವಿಯ ಶಾಸನವುಂಟು. ಬಸವಣ್ಣನವರ ಉಲ್ಲೇಖವುಳ್ಳದ್ದೆಂದು ಅದು ವಿದ್ವಾಂಸರಲ್ಲಿ ಪ್ರಸಿದ್ಧವಾಗಿದೆ. ಕಲ್ಲು ಹೆಸರನ್ನು ಉಳಿಸಿತು, ಮುಖವನ್ನು ಉಳಿಸಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅವರನ್ನು ಎದುರಿಗೆ ಕೂಡಿಸಿಕೊಂಡು ಬರೆದ ಚಿತ್ರವಾವುದೂ ದೊರೆತಿಲ್ಲ. 2024ರ ಜನವರಿಯಲ್ಲಿ ಕರ್ನಾಟಕ ಸರಕಾರವು ಅವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿ ಸರಕಾರಿ ಕಚೇರಿಗಳಲ್ಲಿ ಭಾವಚಿತ್ರವನ್ನಿಡಲು ಆಜ್ಞಾಪಿಸಿದಾಗ, ಗೋಡೆಯ ಮೇಲೆ ಬಂದದ್ದು ಚಿತ್ರಕಾರರ ಭಕ್ತಿಪೂರ್ವಕ ಕಲ್ಪನೆಯೇ. ಅದರಿಂದ ಯಾರೂ ಮೋಸಹೋಗಲಿಲ್ಲ. ಕುಂಚದ ಗೆರೆಯನ್ನು ಕಂಡ ಕೂಡಲೆ ಇದು ಕಲ್ಪನೆಯೆಂಬುದು ಮಗುವಿಗೂ ತಿಳಿಯುತ್ತದೆ. ಯಂತ್ರದಿಂದ ಹೊರಡುವ ಚಿತ್ರವು ಬೇರೊಂದು ವೇಷ ಹಾಕಿರುತ್ತದೆ. ಕೆನ್ನೆಯ ಮೇಲಿನ ರೋಮ, ಕಣ್ಣಿನಲ್ಲಿ ಕಿಟಕಿಯ ಪ್ರತಿಬಿಂಬ, ಅಂಗಿಯ ನೂಲು ಇವನ್ನೆಲ್ಲ ತೋರಿಸಿ, ಕ್ಯಾಮೆರಾ ಅಲ್ಲಿತ್ತು, ತಾನು ಕಂಡೆ ಎಂದು ಅದು ಸಾಕ್ಷಿ ನುಡಿಯುತ್ತದೆ. ಸಾಕ್ಷಿಯು ಸುಳ್ಳು.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2014ರ ಗುರುಪೂರ್ಣಿಮೆಯಂದೇ ತಮ್ಮ ಅಂತಿಮ ಇಚ್ಛೆಯನ್ನು ಬರೆದಿಟ್ಟಿದ್ದರು: ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕವನ್ನು ಕಟ್ಟಬಾರದು. 2018ರಲ್ಲಿ ಪದ್ಮಶ್ರೀ ಪದವಿಯನ್ನು ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾಗಲು ಇಚ್ಛೆಯಂತೆಯೇ ಅಗ್ನಿಸಂಸ್ಕಾರವಾಯಿತು. ಜೇಬಿಲ್ಲದ ಬಿಳಿಯ ಅಂಗಿಯನ್ನು ತೊಟ್ಟು ಬಾಳಿದ ಅಂಥ ಮಹಾತ್ಮರನ್ನು ಬಂಗಾರದ ಸಿಂಹಾಸನದ ಮೇಲೆ ಕೂಡಿಸಿ, ಹಿಂದೆ ಪ್ರಭಾವಳಿಯನ್ನಿಟ್ಟು, ಆಕಾಶದಿಂದ ಹೂಮಳೆಗರೆಯಿಸುವುದು ಯಂತ್ರಕ್ಕೆ ಅರೆಗಳಿಗೆಯ ಕೆಲಸ. ಮಾಡುವವರು ಭಕ್ತಿಯಿಂದಲೇ ಮಾಡಿಯಾರು. ಕಲ್ಲಿನ ಸ್ಮಾರಕವೂ ಬೇಡವೆಂದವರಿಗೆ ಈ ಸ್ಮಾರಕವು ಒಪ್ಪಿಗೆಯಾಗುತ್ತಿತ್ತೇ ಎಂದು ಒಂದು ಕ್ಷಣ ಕೇಳಿಕೊಂಡರೆ ಭಕ್ತಿಗೆ ಕುಂದು ಬರುವುದಿಲ್ಲ. ಗತಿಸಿದವರ ಒಪ್ಪಿಗೆಯನ್ನು ಪಡೆಯಲು ಬರುವುದಿಲ್ಲವೆಂಬುದು ನಿಜ. ಅವರ ಬಾಳಿನ ರೀತಿಯು ಮಾತ್ರ ಎಲ್ಲರೆದುರಿಗೆ ಇದೆ.

ಸಾಮಾನ್ಯ ಸಂಸಾರಗಳಲ್ಲಿ ಇದೇ ಪ್ರಶ್ನೆಯು ಕಣ್ಣೀರಿನೊಡನೆ ಬರುತ್ತದೆ. ತಂದೆಯು ತೀರಿಕೊಂಡ ಮರುವರುಷ ಮಗಳ ಮದುವೆಯಾಗುತ್ತದೆ. ಅಕ್ಷತೆಯ ಫೋಟೋದಲ್ಲಿ ತಾಯಿಯ ಪಕ್ಕದ ಸ್ಥಳವು ಬರಿದಾಗಿರುತ್ತದೆ. ಫೋಟೋದವರಿಗೆ ಹೇಳಿದರೆ ಹಳೆಯ ಆಧಾರ ಕಾರ್ಡಿನ ಮುಖದಿಂದ ತಂದೆಯನ್ನು ರಚಿಸಿ, ಹೊಸ ರುಮಾಲು ಸುತ್ತಿಸಿ, ಮಗಳ ತಲೆಯ ಮೇಲೆ ಕೈಯಿಡಿಸಿ ಕೊಡುತ್ತಾರೆ. ಆ ತಾಯಿಗೆ ಇದು ಸುಳ್ಳೆಂದು ಹೇಳಹೊರಡುವುದು ಒರಟುತನವು. ಸುಳ್ಳೆಂಬುದು ಆಕೆಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು! ತಿಳಿದವರ ನಡುವೆ ಅದೊಂದು ಸಮಾಧಾನವಾಗಿರುತ್ತದೆ. ತೊಡಕು ಬರುವುದು ಐವತ್ತು ವರುಷಗಳ ಆಚೆಗೆ. ಅಂದು ಆಲ್ಬಮ್ ತೆರೆದ ಮೊಮ್ಮಗನು ಅಜ್ಜನು ಮದುವೆಯ ದಿನ ಬದುಕಿದ್ದನೆಂದೇ ನಂಬುತ್ತಾನೆ. ಹೊಲದ ವಾಟಣಿಯ ತಂಟೆಯಲ್ಲಿ ಅಜ್ಜನು ಯಾವಾಗ ತೀರಿಕೊಂಡನೆಂಬ ಪ್ರಶ್ನೆ ಹುಟ್ಟಿದರೆ, ಆ ಫೋಟೋವನ್ನೇ ಸಾಕ್ಷಿಯಾಗಿ ತಂದಾನು. ಚಿತ್ರದ ಕೆಳಗೆ ತಂದೆಯ ಲಿಂಗೈಕ್ಯದ ತಾರೀಖನ್ನೂ, ಆತನ ಆಕೃತಿಯನ್ನು ಆಮೇಲೆ ಸೇರಿಸಿದ್ದೆಂಬುದನ್ನೂ ಒಂದು ಸಾಲಿನಲ್ಲಿ ಬರೆಯಿಸಿದರೆ ತಾಯಿಯ ಸಮಾಧಾನಕ್ಕೂ ಭಂಗವಿಲ್ಲ, ಮೊಮ್ಮಗನಿಗೂ ಮೋಸವಿಲ್ಲ.

ಸ್ಮಾರಕ ಸಂಪುಟಗಳಲ್ಲಿಯೂ ಇದನ್ನೇ ಅನುಸರಿಸಬಹುದು. ಧೂಳನ್ನು ತೆಗೆಯುವುದು, ಮಡಿಕೆಯ ಗೆರೆಯನ್ನು ಮುಚ್ಚುವುದು, ಮಾಸಿದ ಕಪ್ಪನ್ನು ಗಾಢಗೊಳಿಸುವುದು, ಇವು ಕಾಗದಕ್ಕೆ ಮಾಡಿದ ಸೇವೆಗಳು, ಇವಕ್ಕೆ ಸಂಕೋಚಪಡಬೇಕಾಗಿಲ್ಲ. ಕಣ್ಣು, ಬಾಯಿ, ಮೈಬಣ್ಣ, ಉಡುಪುಗಳನ್ನು ಯಂತ್ರವು ರಚಿಸಿದ್ದರೆ ಅದನ್ನು ಅಡಿಬರಹದಲ್ಲಿ ಹೇಳತಕ್ಕದ್ದು. ಬದಿಯಲ್ಲಿಯೇ ಮೂಲ ಚಿತ್ರವನ್ನು, ಎಷ್ಟೇ ಹರಿದಿರಲಿ, ಚಿಕ್ಕದಾಗಿ ಅಚ್ಚು ಹಾಕತಕ್ಕದ್ದು. ಮೂಲ ಕಾಗದವನ್ನು ಮನೆಯವರಿಗೆ ಮರಳಿಸುವಾಗ, ಹೊಸದು ಬಂದಿತೆಂದು ಅದನ್ನು ಒಲೆಗೆ ಹಾಕದಂತೆ ಕೈಮುಗಿದು ಹೇಳತಕ್ಕದ್ದು. ಅರ್ಧ ಮುಖವು ಕಲೆಯೊಳಗೆ ಹೋಗಿದ್ದರೆ ಅರ್ಧ ಮುಖವನ್ನೇ ಅಚ್ಚು ಹಾಕಿದರಾಯಿತು. ಬಲ್ಲ ಮುದುಕರು ಉಳಿದರ್ಧದಿಂದಲೇ ಗುರುತಿಸುತ್ತಾರೆ.

ಚಿತ್ರವೇ ಇಲ್ಲದವರ ಮಾತೊಂದು ಉಳಿಯಿತು. ಮಠಗಳ ಹಳೆಯ ಗುಂಪುಚಿತ್ರಗಳಲ್ಲಿ ಗಂಡಸರು ಸಾಲಾಗಿ ಕುಳಿತಿರುತ್ತಾರೆ. ಆ ದಿನ ದಾಸೋಹಕ್ಕೆ ಜೋಳ ಬೀಸಿದವರು, ರೊಟ್ಟಿ ಬಡಿದವರು, ನೀರು ಹೊತ್ತವರು ಚೌಕಟ್ಟಿನ ಹೊರಗೆ ಉಳಿದರು. ಅವರಲ್ಲಿ ಎಷ್ಟೋ ಜನರು ಬಾಳಿನಲ್ಲಿ ಒಂದು ಸಲವೂ ಕ್ಯಾಮೆರಾದ ಮುಂದೆ ನಿಲ್ಲದೆ ಲಿಂಗೈಕ್ಯರಾದರು. ಈಗ ಮೊಮ್ಮಕ್ಕಳು ಮಗಳ ಮುಖವನ್ನೂ ಮೊಮ್ಮಗಳ ಮುಖವನ್ನೂ ಯಂತ್ರಕ್ಕೆ ಕೊಟ್ಟು ಆಯಿಯ ಚಿತ್ರವನ್ನು ಮಾಡಿಸಬಯಸುತ್ತಾರೆ. ಮಾಡಿಸಲಿ. ಅದನ್ನು ಫೋಟೋದಂತೆ ಮಾಡಿಸದೆ, ಕೈಯಿಂದ ಬರೆದ ರೇಖಾಚಿತ್ರದಂತೆ ಮಾಡಿಸಿದರೆ ನೋಡುವವರಿಗೆ ತಾನಾಗಿಯೇ ತಿಳಿಯುತ್ತದೆ. ಮೊದಲು ಆಕೆಯನ್ನು ಕಂಡವರಲ್ಲಿಗೆ ಹೋಗಿ ಕೇಳಬೇಕು: ಎತ್ತರವೆಷ್ಟು, ಕುಂಕುಮವೋ ವಿಭೂತಿಯೋ, ಮೂಗುತಿಯು ಯಾವ ಹೊಳ್ಳೆಗೆ, ಸೆರಗು ಯಾವ ಹೆಗಲಿಗೆ, ನಡೆಯುವಾಗ ಬಾಗುತ್ತಿದ್ದಳೇ, ದನಿ ಹೇಗಿತ್ತು. ಚೌಕಟ್ಟಿನ ಹಿಂಬದಿಗೆ ಕಾಗದ ಹಚ್ಚಿ, ಆಕೆಯ ಹೆಸರು, ತವರೂರು, ಯಾರು ಯಾರು ಹೇಳಿದ್ದರಿಂದ ಈ ಚಿತ್ರವಾಯಿತು, ಯಾವ ಇಸವಿಯಲ್ಲಾಯಿತು ಎಂಬುದನ್ನು ಮಸಿಯಿಂದ ಬರೆದಿಡಬೇಕು. ಹೇಳಬಲ್ಲವರು ಈ ಸೀಮೆಯಲ್ಲಿ ಇನ್ನೂ ಕೆಲವರು ಬದುಕಿದ್ದಾರೆ. ಮುಂದಿನ ಜಾತ್ರೆಯ ವರೆಗೆ ಕಾಯದೆ ಅವರಲ್ಲಿಗೆ ಹೋಗತಕ್ಕದ್ದು.